ಹೆಸರು ಬರೆಯುವ ಅಗತ್ಯವಿಲ್ಲ

ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸದಲ್ಲಿ ಅಪಾಯವೇನೂ ಇಲ್ಲ ಎಂದು ತಿಳಿದವರು ನಮ್ಮ ಆಫೀಸಿಗೆ ಬಂದು ಒಂದು ವಾರ ಕೂರಬೇಕು. ಎದೆ ಧಸಕ್ಕೆನ್ನುವ ಪ್ರಸಂಗ ನಮ್ಮಲ್ಲಿ ತಿಂಗಳಿಗೊಂದಾದರೂ ನಡೆದೇ ನಡೆಯುತ್ತದೆ. ಅವುಗಳಲ್ಲಿ ಅರ್ಧದಷ್ಟು ಈ-ಮೇಲಿನಲ್ಲೇ ಬರುತ್ತವೆ.

ಗಜೇಂದ್ರಗಡದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿರುವ ಎರಡು ಖೋಲಿಗಳೇ ನಮ್ಮ ಶಾಖೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಸಣ್ಣ ಊರುಗಳಲ್ಲಿ ಸಣ್ಣ ಸಣ್ಣ ಶಾಖೆ ತೆರೆದಾಗ ನಮ್ಮೂರಿಗೂ ಒಂದು ಬಂತು. ಇರುವವರು ಮೂವರು. ನಾನು, ರಾಜೂರಿನಿಂದ ದಿನಾ ಬೈಕಿನಲ್ಲಿ ಬರುವವನೊಬ್ಬ, ಕೊಣ್ಣೂರಿನವನೊಬ್ಬ. ಕೊಣ್ಣೂರಿನವನು ರೋಣದಲ್ಲಿ ಖೋಲಿ ಹಿಡಿದು ಬಸ್ಸಿನಲ್ಲಿ ಓಡಾಡುತ್ತಾನೆ. ಮೂವರೂ ಕೋಡ್ ಬರೆಯುವವರು, ಮೂವರೂ ಅಂಜುಬುರುಕರು. ವಯಸ್ಸಿನಲ್ಲಿ ನಾನು ದೊಡ್ಡವಳಾದ್ದರಿಂದ ಅವರಿಬ್ಬರೂ ನನಗೆ ‘ಅಕ್ಕಾರ’ ಎನ್ನುತ್ತಾರೆ. ಏನೇ ಬಂದರೂ ಮೊದಲು ಹೆದರುವ ಹಕ್ಕನ್ನು ನನಗೇ ಬಿಟ್ಟುಕೊಟ್ಟಿದ್ದಾರೆ.

ಹೆದರಲು ಕಾರಣವೂ ಇತ್ತು. ಹಿಂದಿನ ವರ್ಷ ಕಂಪನಿ ಒಂದು ಆನ್‌ಲೈನ್ ಸಮೀಕ್ಷೆ ಮಾಡಿತ್ತು. ಕೆಲಸ ಹೇಗಿದೆ, ದಿನಕ್ಕೆಷ್ಟು ಸಾಗುತ್ತದೆ, ಮನಸ್ಸಿಗೆ ಸಮಾಧಾನವಿದೆಯೇ ಎಂದೆಲ್ಲ ಕೇಳಿತ್ತು. ನಮ್ಮಂಥದೇ ಇನ್ನೊಂದು ಊರಿನ ಶಾಖೆಯವರು ಮನಸ್ಸು ಬಿಚ್ಚಿ ಉತ್ತರ ಬರೆದರು. ಸ್ವಲ್ಪ ದಿನಕ್ಕೆ ಆ ಶಾಖೆಯ ಬೋರ್ಡು ಇಳಿಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಕಂಪನಿ ತಿಳಿಸಿತು. ಯಾರೂ ಕೇಳದೆಯೇ ಹಾಗೆ ತಿಳಿಸಿದ್ದರಿಂದ ಸಂಬಂಧವಿದೆ ಎಂಬುದು ನಮಗೆ ಖಚಿತವಾಯಿತು.

ನಮ್ಮ ಶಾಖೆ ಮುಚ್ಚಿದರೆ ಇಂಥ ಕೆಲಸ ಸುತ್ತಮುತ್ತ ನನಗೆ ಎಲ್ಲಿಯೂ ಇಲ್ಲ. ಗಂಡ ಇಲ್ಲಿ ಮಾಸ್ತರು, ಮಗಳು ಓದುವುದು ಇಲ್ಲಿ, ಅತ್ತೆಯ ಮಗ್ಗ ಮನೆಯ ನೆಲದಲ್ಲೇ ಇಳಿದು ಕೂತಿದೆ. ಬೆಂಗಳೂರಿಗೆ ಬಾ ಎಂದರೆ ನಾನು ಹೋಗಲಾರೆ. ಈ ಭಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದಾಗಲೇ ಈ ವರ್ಷದ ಸಮೀಕ್ಷೆ ಬಂತು.

೧. ಮೂವರು ಹಿರಿಯರು

ಸಮೀಕ್ಷೆ ಮೂರು ಭಾಗದಲ್ಲಿತ್ತು. ಮೊದಲ ಭಾಗದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ, ‘ಹೆಸರು ಬರೆಯುವ ಅಗತ್ಯವಿಲ್ಲ. ನೀವು ಯಾರೆಂದು ಯಾರಿಗೂ ತಿಳಿಯುವುದಿಲ್ಲ’ ಎಂದಿತ್ತು. ಅದರ ಕೆಳಗೇ ಪ್ರಶ್ನೆಗಳು. ಯಾವ ಶಾಖೆ? ಹೆಣ್ಣೋ ಗಂಡೋ? ವಯಸ್ಸೆಷ್ಟು? ಅನುಭವ ಎಷ್ಟು ವರ್ಷದ್ದು?

ರಾಜೂರಿನವನು ಓದಿ ನನ್ನ ಕಡೆ ತಿರುಗಿದ. “ಅಕ್ಕಾರ, ನಮ್ಮ ಶಾಖೆದಾಗ ಹೆಣ್ಮಕ್ಕಳು ನೀವೊಬ್ರ ಅದೀರಿ.”

“ಗೊತ್ತೈತಪಾ.”

“ಹೆಸರೊಂದ ಬಿಟ್ಟಾರ ನೋಡ್ರಿ. ಮನಿ ನಂಬರ್ ಕೇಳಿದ್ರ ನೆಟ್ಟಗ ಮನಿಗೇ ಬರ್ತಿದ್ರು.”

ನಾನು ಯಾರಿಗೂ ಹೇಳದೆ ನನ್ನ ಮೇಜಿಗೆ ಹೋಗಿ ಗಂಡಸು ಎಂದು ಒತ್ತಿದೆ. ವಯಸ್ಸು ಐವತ್ತೈದು ದಾಟಿದೆ ಎಂದೆ. ಅನುಭವ ಮೂವತ್ತು ವರ್ಷ ಎಂದೆ. ಒತ್ತಿದ ಮೇಲೆ ಹಗುರವಾಯಿತು. ಬೇಕಾದರೆ ಈಗ ಹುಡುಕಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಒಂದು ಈ-ಮೇಲ್ ಬಂತು. ಬರೆದವರು ಮನುಷ್ಯರಲ್ಲ, ಸಮೀಕ್ಷೆಯ ಯಂತ್ರವೇ ತಾನಾಗಿ ಕಳಿಸಿದ್ದು. ‘ಗಜೇಂದ್ರಗಡ ಶಾಖೆಯಿಂದ ಈವರೆಗೆ ಉತ್ತರಿಸಿದ ಮೂವರೂ ಐವತ್ತೈದು ದಾಟಿದ ಪುರುಷರಾದ್ದರಿಂದ, ಅವರಿಗೆ ಉಚಿತ ಹೃದಯ ತಪಾಸಣೆಯ ಸೌಲಭ್ಯವಿದೆ.’

ಮೂವರೂ ಪರದೆ ನೋಡಿದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ನೀನೂ ಹಂಗ ಬರದೀಯೇನ?” ಎಂದೆ.

“ಹೌದ್ರಿ,” ಎಂದ ರಾಜೂರಿನವ.

ಕೊಣ್ಣೂರಿನವನು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ. ಕೇಳಿದರೆ, “ತಪಾಸಣಿ ಮಾಡಿಸಿದ್ರ ಚಲೋ ಅನಸ್ತೈತ್ರಿ ಅಕ್ಕಾರ. ಭಾಳ ಹೊಡ್ಕೊಳಾಕತ್ತೈತಿ,” ಎಂದ.

೨. ಅತ್ತೆಯ ಲೆಕ್ಕದಲ್ಲಿ ಕೆಲಸ

ಎರಡನೆಯ ಭಾಗವನ್ನು ಮನೆಯಲ್ಲಿ ತುಂಬಲು ಕೂತೆ. ನಮ್ಮ ಅತ್ತೆ ಕೈಮಗ್ಗದಲ್ಲಿ ಸೀರೆ ನೇಯುವವರು. ಅವರ ಮಗ್ಗ ಕುಣಿಯಲ್ಲಿದೆ, ಅವರು ಕಾಲು ಇಳಿಬಿಟ್ಟು ನೇಯುತ್ತಿರುತ್ತಾರೆ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುತ್ತೇನೆ. ದಿನಾ ಸಂಜೆ ಅವರು ನನ್ನನ್ನು ಕೇಳುವುದು ಒಂದೇ ಮಾತು, “ಇವತ್ತ ಎಷ್ಟ ಆತು?”

ಅಂದು ಸಮೀಕ್ಷೆಯೂ ಅದನ್ನೇ ಕೇಳಿತ್ತು. ಇತ್ತೀಚೆಗೆ ನೀವು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಯಾವುದು? ನಿಜ ಹೇಳಬೇಕೆಂದರೆ ಅದು ಬರೆದ ಕೆಲಸವಲ್ಲ, ಅಳಿಸಿದ ಕೆಲಸ. ಹಳೆಯ ಕೋಡಿನಲ್ಲಿ ಯಾರಿಗೂ ಬೇಡದ್ದು ರಾಶಿ ಬಿದ್ದಿತ್ತು. ವಾರವಿಡೀ ಕೂತು ಅದನ್ನು ತೆಗೆದಿದ್ದೆ. ಅದಾದ ಮೇಲೆ ಎಲ್ಲವೂ ಸರಾಗವಾಗಿ ಓಡುತ್ತಿತ್ತು. ನನ್ನಂಥವರಿಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ. ಅದನ್ನೇ ಹೆಮ್ಮೆಯಿಂದ ಬರೆಯುತ್ತಿದ್ದೆ.

“ಇವತ್ತ ಎಷ್ಟ ಆತು?” ಎಂದರು ಅತ್ತೆ.

“ಇವತ್ತ ಏನೂ ಬರೀಲಿಲ್ರಿ ಅತ್ತಿ. ಇದ್ದದ್ದನ್ನ ಅಳಸಿದೆ.”

ಲಾಳಿ ನಿಂತಿತು. “ಯಾರ ಬರದದ್ದನ್ನ?”

“ದೊಡ್ಡ ಸಾಹೇಬ್ರು ಬರದದ್ರಿ. ಕಂಪನಿ ಸುರುಮಾಡಿದಾಗ ಅವರ ಬರದಿದ್ರು.”

“ಅವರಿಗೆ ಗೊತ್ತೈತೇನು?”

“ಈಗ ಬರದ ತಿಳಸಾಕತ್ತೀನ್ರಿ.”

ಅತ್ತೆ ಮಗ್ಗದ ಕುಣಿಯಿಂದ ಮೇಲೆ ಹತ್ತಿ ಬಂದರು. ನಾನು ಮದುವೆಯಾಗಿ ಬಂದ ಮೇಲೆ ಅವರು ನೇಯ್ಗೆ ಅರ್ಧಕ್ಕೆ ಬಿಟ್ಟು ಎದ್ದದ್ದು ನೋಡಿರಲಿಲ್ಲ. “ಸಾವಕಾರ ನೇಯ್ದದ್ದನ್ನ ಬಿಚ್ಚಿ ಹಾಕೀದಿ. ಮ್ಯಾಲ ಅವನಿಗೇ ಬರದ ಕೊಡಾಕತ್ತೀದಿ. ಬುದ್ಧಿ ನೆಟ್ಟಗೈತಿಲ್ಲೋ?”

ನಮ್ಮ ಕಸುಬಿನಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು, ತೆಗೆಯುವುದೂ ಕೆಲಸವೇ, ಎಲ್ಲ ಕಡೆಯ ಡೆವಲಪರ್‌ಗಳೂ ಹಾಗೇ ಹೇಳುತ್ತಾರೆ ಎಂದು ತಿಳಿಸಿ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು.

“ಈ ತಿಂಗಳ ಪಗಾರ ಬಂದೈತೇನು?”

“ಬಂದೈತ್ರಿ.”

“ಲಗೂ ಬ್ಯಾಂಕಿಗೆ ಹೋಗಿ ತಗೊಂಬಾ. ಅವರೂ ಅಳಸೋ ಮಂದಿನ ಅದಾರ.”

೩. ಎಲ್ಲದಕ್ಕೂ ಐದು

ಮೂರನೆಯ ಭಾಗದಲ್ಲಿ ಎಲ್ಲ ಪ್ರಶ್ನೆಗೂ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಒತ್ತಬೇಕಿತ್ತು. ಕೊಣ್ಣೂರಿನವನು ಶುಕ್ರವಾರ ಸಂಜೆ ಎರಡೇ ನಿಮಿಷದಲ್ಲಿ ಮುಗಿಸಿ ಕೈ ಝಾಡಿಸಿದ.

“ಎಲ್ಲಾದಕ್ಕೂ ಐದ ಹಾಕಿಬಿಟ್ಟೆ. ಚಲೋ ಅಂತನೂ ಅಲ್ಲ, ಕೆಟ್ಟ ಅಂತನೂ ಅಲ್ಲ. ಯಾರ ಏನ್ ಮಾಡ್ತಾರ?”

“ಪ್ರಶ್ನಿ ಓದೀಯೇನೋ?” ಎಂದು ರಾಜೂರಿನವನು ಕೇಳಿದ. ಅವನು ಇನ್ನೂ ತುಂಬುತ್ತಿದ್ದ.

“ಓದಿದ್ರ ಅಂಜಿಕಿ ಬರ್ತೈತಿ.”

ರಾಜೂರಿನವನು ತನ್ನ ಪರದೆ ನೋಡಿ ಗಟ್ಟಿಯಾಗಿ ಓದಿದ. “ಕೆಲಸದ ಹೊತ್ತಿನಲ್ಲಿ ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡುತ್ತೀರಿ?”

“ಐದು,” ಎಂದೆ ನಾನು.

“ವಾರದಲ್ಲಿ ಎಷ್ಟು ದಿನ ಈ ಕೆಲಸ ಬಿಡಬೇಕು ಅನ್ನಿಸುತ್ತದೆ?”

ಕೊಣ್ಣೂರಿನವನ ಮುಖ ಬಿಳಿಚಿತು. “ವಾರದಾಗ ಕೆಲಸದ ದಿನಾನ ಐದಲ್ರಿ ಅಕ್ಕಾರ?”

“ಶನಿವಾರ, ಐತವಾರ ಮಾತ್ರ ಇಲ್ಲೇ ಇರಬೇಕು ಅನಸ್ತೈತಿ ಅಂದಂಗಾತು,” ಎಂದ ರಾಜೂರಿನವ.

ಆ ಚಿಂತೆಯಲ್ಲೇ ಕೊಣ್ಣೂರಿನವನು ಊರಿಗೆ ಹೋದ. ಭಾನುವಾರ ಹೊಳೆಯಾಚೆಯ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಾಗ ಮಲಪ್ರಭೆ ಏರಿ ಸೇತುವೆಯ ಮೇಲೆ ನೀರು ಬಂತು. ಈಚೆ ಬರಲು ದಾರಿಯಿಲ್ಲ. ಸೋಮವಾರ ಬೆಳಿಗ್ಗೆ ದೊಡ್ಡ ಸಾಹೇಬರು ಎಲ್ಲ ಶಾಖೆಯವರನ್ನೂ ವಿಡಿಯೊದಲ್ಲಿ ಒಟ್ಟಿಗೇ ನೋಡುತ್ತಾರೆ. ತಪ್ಪಿಸಿದರೆ ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋದ ಎನ್ನುತ್ತಾರೆಂದು ಹೆದರಿ, ಅವನು ನೀರಿನ ದಂಡೆಯಲ್ಲಿ ನಿಂತೇ ಫೋನಿನಿಂದ ಸೇರಿಕೊಂಡ. ಬೆನ್ನ ಹಿಂದೆ ಕೆಂಪು ನೀರು, ಮುಳುಗಿದ ಸೇತುವೆ, ಹೊಳೆ ನೋಡಲು ಬಂದ ಜನ.

“ಎಲ್ಲಿದ್ದೀರಿ?” ಎಂದರು ಸಾಹೇಬರು.

“ಕೊಣ್ಣೂರ ಹೊಳಿ ದಂಡ್ಯಾಗ್ರಿ ಸರ್. ಹೊಳಿ ಬಂದೈತ್ರಿ, ದಾಟಾಕ ಆಗವಲ್ದು.”

ಸಾಹೇಬರು ನಕ್ಕರು. ಅವರ ನಗು ನಮಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆ ತರುತ್ತದೆ. “ಬ್ಯಾಕ್‌ಗ್ರೌಂಡ್ ಚಿತ್ರ ಬಹಳ ಚೆನ್ನಾಗಿದೆ. ಈಗ ಅದನ್ನು ತೆಗೆದು, ನಿಜವಾಗಿ ಎಲ್ಲಿದ್ದೀರಿ ತೋರಿಸಿ.”

“ತಗ್ಯಾಕ ಬರೂದಿಲ್ರಿ ಸರ್,” ಎಂದ ಅವನು, ಅಳುವ ದನಿಯಲ್ಲಿ. “ಇಳಿಯಾಕ ಇನ್ನೂ ಎರಡ ದಿನ ಬೇಕಂತ್ರಿ.”

೪. ಟೇಪು

ಶಾಖೆ ಮುಚ್ಚಬಹುದೆಂಬ ನಮ್ಮ ಭಯವನ್ನು ರಾಜೂರಿನವನು ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಹೇಳಿಕೊಂಡಿದ್ದ. ಅಂಗಡಿಯವರೇ ನಮ್ಮ ಕಟ್ಟಡದ ಮಾಲಕರು. ಹಳೆಯ ವ್ಯಾಪಾರಿ ಮನೆತನ, ಮಾತು ಬಹಳ ಮೃದು. ಮರುದಿನವೇ ಅವರು ಒಬ್ಬ ಬಟ್ಟೆ ವ್ಯಾಪಾರಿಯನ್ನು ಕರೆದುಕೊಂಡು ಮೇಲೆ ಬಂದರು. ವ್ಯಾಪಾರಿಯ ಕೈಯಲ್ಲಿ ಅಳತೆಯ ಟೇಪಿತ್ತು.

“ನೀವು ನಿಮ್ಮ ಕೆಲಸ ಮಾಡ್ರಿ. ನಾವೇನ್ ಗದ್ದಲ ಮಾಡೂದಿಲ್ಲ,” ಎಂದರು ಮಾಲಕರು.

“ಮಾಲಕ್ರ, ನಾವಿನ್ನೂ ಇಲ್ಲೇ ಅದೀವಲ್ರಿ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಇರ್ರಿ ತಂಗಿ, ಯಾರ ಹೋಗ್ರಿ ಅಂದ್ರು? ಬರೇ ಅಳತಿ ತಗೊಳ್ಳಾಕತ್ತೇವಿ. ಸ್ವಲ್ಪ ಕುರ್ಚಿ ಈ ಕಡೆ ಸರಸ್ರಿ.”

ಸರಿಸಿದೆ. ವ್ಯಾಪಾರಿ ನನ್ನ ಮೇಜಿರುವ ಜಾಗದಲ್ಲಿ ಸೀರೆಯ ಕಪಾಟು ನಿಲ್ಲಿಸಿದ, ಕಿಟಕಿಯ ಹತ್ತಿರ ಕನ್ನಡಿ ತೂಗುಹಾಕಿದ, ಎಲ್ಲವನ್ನೂ ಬಾಯಲ್ಲೇ. ಆಮೇಲೆ ಟೇಪಿನ ತುದಿಯನ್ನು ರಾಜೂರಿನವನ ಕಡೆ ಚಾಚಿ, “ಹಿಡೀಪಾ ಸ್ವಲ್ಪ,” ಎಂದ. ಯಾರೇ ದೊಡ್ಡ ದನಿಯಲ್ಲಿ ಏನೇ ಹೇಳಿದರೂ ಮಾಡಿಬಿಡುವ ನಮ್ಮ ರಾಜೂರಿನವನು ಎದ್ದು ಹೋಗಿ ಹಿಡಿದ. ತನ್ನ ಕೆಲಸದ ಖೋಲಿಯನ್ನು ಆಚೆ ಗೋಡೆಯಿಂದ ಈಚೆ ಗೋಡೆಯವರೆಗೆ ತಾನೇ ಅಳೆಸಿಕೊಟ್ಟ. ಅವರು ಹೊರಟಾಗ ಬಾಗಿಲವರೆಗೂ ಹೋಗಿ ಹೇಳಿದ, “ಆ ಮೂಲ್ಯಾಗ ಇನ್ನೂ ಅರ್ಧ ಫೂಟ್ ಐತ್ರಿ, ಬಿಟ್ಟೀರಿ.”

೫. ಮೆಟ್ರೊ

ಹೊಳೆ ಇಳಿಯಿತು, ಕೊಣ್ಣೂರಿನವನು ಮರಳಿದ. ಅದರ ಹಿಂದೆಯೇ ಬೆಂಗಳೂರಿನಿಂದ ಕರೆ ಬಂತು. ವಿಷಯ, ಗಜೇಂದ್ರಗಡ ಶಾಖೆಯ ಫಲಿತಾಂಶ. ಬೇರೆ ಯಾವ ಶಾಖೆಗೂ ಇಂಥ ಕರೆ ಹೋಗಿರಲಿಲ್ಲ. ಮನೆಯಲ್ಲಿ ಏನು ಹೇಳುವುದೆಂದು ಮನಸ್ಸಿನಲ್ಲೇ ಪೋಣಿಸಿಕೊಳ್ಳುತ್ತ ಕೂತೆ.

ಪರದೆಯ ಮೇಲೆ ಇಬ್ಬರು ಬಂದರು. ತಲೆ ಪೂರ್ತಿ ನರೆತ ದೊಡ್ಡ ಸಾಹೇಬರು, ಮತ್ತು ನೌಕರರ ವಿಷಯ ನೋಡಿಕೊಳ್ಳುವ ಎಚ್.ಆರ್. ಮೇಡಂ. ಬೆಂಗಳೂರಿನ ಆಚೆಗೂ ಭೂಮಿಯಿದೆ ಎಂಬುದು ಸಾಹೇಬರಿಗೆ ಕೇಳಿ ಗೊತ್ತು, ನೋಡಿ ಗೊತ್ತಿಲ್ಲ. ಯಾವ ಶಾಖೆಯಲ್ಲಿ ಎಷ್ಟು ಜನ ಎಂಬುದೂ ಅವರ ನೆನಪಿನಲ್ಲಿರುವುದಿಲ್ಲ. ಮೇಡಂ ಮಾತ್ರ ಅಂದು ಯಾಕೋ ತಲೆಯೆತ್ತಲಿಲ್ಲ.

“ಇಡೀ ಕಂಪನಿಯಲ್ಲೇ ಅತಿ ಹೆಚ್ಚು ದೂರು ನಿಮ್ಮ ಶಾಖೆಯಿಂದ ಬಂದಿದೆ,” ಎಂದು ಸಾಹೇಬರು ಸುರುಮಾಡಿದರು. “ಮೊದಲನೆಯದು, ಟ್ರಾಫಿಕ್ಕು. ಆಫೀಸಿಗೆ ಬರಲು ಎರಡು ಗಂಟೆ ಬೇಕು ಅಂತ ಬರೆದಿದ್ದೀರಿ.”

ನಾವು ಹಾಗೆ ಬರೆದಿರಲಿಲ್ಲ. ರಾಜೂರಿನ ದಾರಿಯಲ್ಲಿ ಅಡ್ಡ ಬರುವುದೆಂದರೆ ಕುರಿಹಿಂಡು. ಆದರೆ ಸಾಹೇಬರು ಹೇಳಿದ್ದನ್ನು ಅಲ್ಲ ಎನ್ನುವ ಧೈರ್ಯ ಯಾರಿಗಿದೆ? “ಹೌದ್ರಿ ಸರ್. ಒಮ್ಮೊಮ್ಮೆ ಭಾಳ ನಿಂದ್ರಬೇಕಾಗ್ತೈತ್ರಿ,” ಎಂದ ರಾಜೂರಿನವ.

“ಒಂಬತ್ತನೇ ಮಹಡಿಯಲ್ಲಿ ಎ.ಸಿ. ವಿಪರೀತ ಚಳಿ ಅಂತೆ.”

ನಮ್ಮ ಕಟ್ಟಡಕ್ಕಿರುವುದು ಒಂದೇ ಮಹಡಿ, ನಮಗಿರುವುದು ಒಂದು ಫ್ಯಾನು. “ಸ್ವೆಟರ್ ಹಾಕ್ಕೊಂಡ ಬರ್ತೀವ್ರಿ ಸರ್,” ಎಂದೆ ನಾನು.

“ಬೆಳಿಗ್ಗೆ ಮೆಟ್ರೊದಲ್ಲಿ ನಿಲ್ಲಲೂ ಜಾಗ ಇಲ್ಲ.”

ಕೊಣ್ಣೂರಿನವನು ಗಂಟಲು ಸರಿಮಾಡಿಕೊಂಡ. “ರೋಣದಾಗ ಹತ್ತಿದ್ರ ಸೀಟ್ ಸಿಗ್ತೈತ್ರಿ ಸರ್.”

ಸಾಹೇಬರು ಕನ್ನಡಕ ತೆಗೆದರು. “ತಮಾಷೆ ಬೇಡ. ನಿಮ್ಮ ಶಾಖೆಯ ಎಪ್ಪತ್ತು ಜನ ಇದನ್ನೇ ಬರೆದಿದ್ದಾರೆ. ಇಷ್ಟು ಬೇಸರ ಇದ್ದರೆ ಶಾಖೆ ಯಾಕೆ ನಡೆಸಬೇಕು, ಹೇಳಿ.”

ಕಾದು ಕೂತಿದ್ದ ಮಾತು ಬಂದೇಬಿಟ್ಟಿತು. ಅದು ಬಂದ ಮೇಲೆ ಹೆದರಲು ನನಗೆ ಏನೂ ಉಳಿಯಲಿಲ್ಲ. “ಸರ್, ನಾವು ಇಲ್ಲಿ ಮೂರ ಮಂದಿ ಅದೀವ್ರಿ,” ಎಂದೆ. “ಟ್ರಾಫಿಕ್ ಇಲ್ರಿ. ಎ.ಸಿ. ಇಲ್ರಿ. ಮೆಟ್ರೊ ನಾ ಟಿ.ವಿ.ದಾಗ ನೋಡೀನ್ರಿ. ನಾವು ಬರದ ಸುಳ್ಳು ವಯಸ್ಸು, ಅನುಭವ, ನಾ ಗಂಡಸು ಅಂದದ್ದು, ಇಷ್ಟ. ಉಳಿದವರು ಯಾರೋ ನಮಗ ಗೊತ್ತಿಲ್ರಿ.”

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡು ಮುಂದಿದ್ದ ಕಾಗದ ನೋಡಿದರು. ಗುರುತು ಸಿಗಬಾರದೆಂದು ಬೆಂಗಳೂರಿನವರೆಲ್ಲ ಶಾಖೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ದೂರದ ಊರನ್ನು ಆರಿಸಿದ್ದಾರೆ ಎಂಬುದು ನನಗೂ ಸಾಹೇಬರಿಗೂ ಹೆಚ್ಚುಕಡಿಮೆ ಒಟ್ಟಿಗೇ ಹೊಳೆಯಿತು.

“ಹಾಗಾದರೆ ಬೆಂಗಳೂರಿನಿಂದ ಎಷ್ಟು ಜನ ಉತ್ತರ ಕೊಟ್ಟಿದ್ದಾರೆ?” ಎಂದು ಅವರು ಮೇಡಂ ಕಡೆ ತಿರುಗಿದರು.

“ಒಬ್ಬರೇ ಸರ್. ಕಂಪನಿ ತುಂಬಾ ಚೆನ್ನಾಗಿದೆ ಅಂತ ಎಲ್ಲದಕ್ಕೂ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ.”

“ಯಾರದು?”

“ಗೊತ್ತಿಲ್ಲ ಸರ್. ಐವತ್ತೈದು ದಾಟಿದ ಗಂಡಸರು.”

ಸಾಹೇಬರು ನೀರು ಕುಡಿದರು. ಬೇರೊಂದು ಮೀಟಿಂಗ್ ಇದೆ ಎಂದು ಹೇಳಿ ಪರದೆಯಿಂದ ಮಾಯವಾದರು. ಮೇಡಂ ಒಬ್ಬರೇ ಉಳಿದರು.

ನಾನು ಧೈರ್ಯ ಮಾಡಿ ಕೇಳಿದೆ. “ಮೇಡಂ, ಖರೇ ಹೇಳ್ರಿ. ಗಜೇಂದ್ರಗಡ ಶಾಖೆ ಮುಚ್ಚತೀರೇನ್ರಿ?”

ಅವರು ಮೊದಲ ಸಲ ತಲೆಯೆತ್ತಿದರು. ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ, ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತರು.

“ಹೇಗೆ ಮುಚ್ಚೋದು?” ಎಂದರು ಮೆಲ್ಲಗೆ. “ಅದನ್ನೂ ಮುಚ್ಚಿಬಿಟ್ರೆ ನಾವೆಲ್ಲ ಎಲ್ಲಿಗೆ ಹೋಗೋದ್ರೀ?”