ಮೂಗಿಲ್ಲದ ಗಡಿಯಾರ ಬೇಯಿಸಿದ ಕೇಕ್

ವೈಮಾನಿಕ ಕೈಗಡಿಯಾರಗಳ ಕಾರ್ಖಾನೆಯ ಪರಂಪರಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಮೋಡಗಳ ನಡುವೆ ಓಡಾಡುವ ತಮಗೆ ಹಿಟ್ಟಿನ ಧೂಳಿನಲ್ಲಿ ಓಡಾಡುವ ಬೇಕರಿಯವನೊಬ್ಬನ ದೀರ್ಘದಂಡ ನಮಸ್ಕಾರಗಳು. ತಾವೂ ತಮ್ಮ ಮುಳ್ಳುಗಳೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕೇಕ್ ಮಾತ್ರ ಕ್ಷೇಮವಾಗಿಲ್ಲ. ಆ ಕಥೆಯನ್ನು ನಾಲ್ಕು ಜನರ ಎದುರಿಗೇ ಹೇಳೋಣವೆಂದು ಈ ಬಹಿರಂಗ ಪತ್ರ.

ಮೈದಾ ಕಂಪನಿಯವರು ಬೇಕರಿಯವರಿಗಾಗಿ ಅದೃಷ್ಟದ ಚೀಟಿ ಎತ್ತಿದಾಗ ತಮ್ಮ ಗಡಿಯಾರ ಮೊದಲ ಬಹುಮಾನವಾಗಿ ನನ್ನ ಪಾಲಿಗೆ ಬಂತು. ಅರಮನೆಯ ಆನೆ ಗುಡಿಸಲಿಗೆ ನೆಂಟನಾಗಿ ಬಂದಂತಾಯಿತು: ಎಲ್ಲಿ ಕೂರಿಸುವುದು, ಏನು ಉಣಿಸುವುದು? ಜೊತೆಗಿದ್ದ ಹೊಳೆಯುವ ಪುಸ್ತಿಕೆ ಓದಿ ನಾನು ಸ್ಟೂಲಿನಿಂದ ಒಂದು ಗೇಣು ಮೇಲೆದ್ದೆ. ದಿಕ್ಕು ತಪ್ಪಿದ ವಿಮಾನ, ಮುತ್ತಿದ ಮಂಜು, ಮುಗಿಯುತ್ತಿರುವ ಇಂಧನ. ಆಗ ಪೈಲಟ್ ಮಹಾಶಯ ಗುಂಡಿ ಒತ್ತಿ, ಗಡಿಯಾರದೊಳಗೆ ನಿಮಿಷ ಎಣಿಸುವ ಪುಟ್ಟ ಮುಖದ ಪುಟ್ಟ ಮುಳ್ಳನ್ನೇ ನಂಬಿ ನೆಲ ಮುಟ್ಟಿದನಂತೆ! ಏಣಿಯ ಮೂರನೇ ಮೆಟ್ಟಿಲಿಗೇ ಕಣ್ಣು ಕತ್ತಲಿಡುವ ನಾನು ಅಂದಿನಿಂದ ಓವನ್ ಬಾಗಿಲು ಹಾಕುವುದನ್ನು ಟೇಕಾಫ್ ಎಂದೂ ಬನ್ನು ಹೊರತೆಗೆಯುವುದನ್ನು ಲ್ಯಾಂಡಿಂಗ್ ಎಂದೂ ಕರೆಯತೊಡಗಿದೆ. ಇಷ್ಟು ವರ್ಷ ಬರೀ ಮೂಗಿನ ಬಲದಿಂದ ಕೇಕ್ ಬೇಯಿಸಿದ ನನ್ನ ಹೆಂಡತಿ ಇದನ್ನೂ ತಾಳಿಕೊಂಡಳು.

ಹೀಗಿರುವಾಗ ಅತ್ತೆ ಮಾವನ ಮದುವೆಗೆ ಐವತ್ತು ವರ್ಷ ತುಂಬಿತು. "ಮದುವೆ ದಿನ ಗಡಿಬಿಡೀಲಿ ನೀರೂ ಕುಡೀಲಿಲ್ಲ, ಈಗಲಾದ್ರೂ ಮಗಳ ಕೈಯ ಕೇಕ್ ನೆಮ್ಮದಿಯಾಗಿ ತಿಂತೀನಿ" ಎಂದು ಅತ್ತೆ ಆಸೆಪಟ್ಟರು. ಹೆಂಡತಿ ಹಿಟ್ಟು ಕಲಸಿ, "ಮುಕ್ಕಾಲು ಗಂಟೆ ನೋಡ್ಕೊಳ್ಳಿ" ಎಂದು ನನಗೊಪ್ಪಿಸಿ ಗಿರಾಕಿಗಳ ಕಡೆ ಹೋದಳು. ದೊಡ್ಡ ಮುಳ್ಳು ನೋಡುವುದು ಸಾಮಾನ್ಯರ ಕೆಲಸವಲ್ಲವೇ? ನಾನು ಗುಂಡಿ ಒತ್ತಿ ಪುಟ್ಟ ಮುಖವನ್ನೇ ನಂಬಿದೆ, ಮತ್ತು ಪುಸ್ತಿಕೆಯಲ್ಲಿ ಮುಳುಗಿದೆ.

"ರೀ, ವಾಸನೆ ಬಂತು, ತೆಗೀರಿ!" ಎಂದು ಆಕೆ ಕೂಗಿದಾಗ ನೋಡುತ್ತೇನೆ, ಪುಟ್ಟ ಮುಳ್ಳು ಹದಿನೈದರಲ್ಲಿದೆ. "ಇನ್ನೂ ಅರ್ಧ ಗಂಟೆ ಇದೆ ಕಣೇ, ಪೈಲಟ್‌ಗಳೇನು ಮೂಸಿ ನೋಡಿ ವಿಮಾನ ಇಳಿಸ್ತಾರಾ?" ಎಂದು ಎರಡೂ ಕೈಗಳನ್ನು ರೆಕ್ಕೆಯಂತೆ ಚಾಚಿ ಓವನ್ನಿಗೆ ಅಡ್ಡ ನಿಂತೆ. "ಹಾರಿ, ಹಾರಿ, ಇಳಿಯೋವಾಗ ನನ್ನ ಕರೀಬೇಡಿ" ಎಂದು ಆಕೆ ತಿರುಗಿ ಹೋದಳು. ಬಹಳ ಹೊತ್ತಿನ ಮೇಲೆ ಮತ್ತೆ ನೋಡಿದರೆ ಮತ್ತೆ ಹದಿನೈದೇ! ಪರಂಪರೆ ಎಂದರೆ ಇದಪ್ಪಾ, ಕಾಲವನ್ನೇ ಕಟ್ಟಿಹಾಕಿದೆ ಎಂದು ಹಿಗ್ಗುವಷ್ಟರಲ್ಲಿ ಪುಸ್ತಿಕೆಯಲ್ಲಿದ್ದ ಮಂಜು ನಮ್ಮ ಓವನ್ನಿನಿಂದಲೇ ಹೊರಟಿತು.

ತಮ್ಮ ಪುಟ್ಟ ಮುಖಕ್ಕೆ ಮೂವತ್ತರ ಆಚೆ ಊರೇ ಇಲ್ಲ, ಮೂವತ್ತು ನಿಮಿಷ ಮುಗಿದರೆ ಮೊದಲಿಂದ ಶುರು ಎಂಬುದು ಆಮೇಲೆ ತಿಳಿಯಿತು. ಎಂಥ ಉದಾರ ಯಂತ್ರ, ಕಳೆದದ್ದನ್ನೆಲ್ಲ ಮನ್ನಿಸಿ ಹೊಸದಾಗಿ ಬಾಳು ಎನ್ನುತ್ತದೆ! ಕೇಕ್ ಮಾತ್ರ ಮನ್ನಿಸಲಿಲ್ಲ. ಅತ್ತೆ ಚಾಕು ಬಾಗಿಸಿಕೊಂಡು, "ಅಳಿಯಂದ್ರೇ, ಇಟ್ಟಿಗೆ ಹದವಾಗಿ ಬೆಂದಿದೆ" ಎಂದು ಹೊಗಳಿ ಬಿಸ್ಕತ್ತು ತಿಂದರು. ನನ್ನನ್ನು ಓವನ್ನಿನಿಂದ ಇಳಿಸಿ ತಟ್ಟೆ ತಿಕ್ಕುವ ಹುದ್ದೆಗೆ ಹಾಕಲಾಯಿತು.

ಆದ್ದರಿಂದ ಮಾನ್ಯರೇ, ಮುಂದಿನ ಮಾದರಿಯಲ್ಲಿ ದಯಮಾಡಿ ಒಂದು ಮೂಗನ್ನು ಅಳವಡಿಸಬೇಕು. ಚಿನ್ನದ್ದೇ ಆಗಬೇಕೆಂದಿಲ್ಲ. ಅದು ಆಗದಿದ್ದರೆ ತಮ್ಮ ಪೈಲಟ್‌ಗಳಲ್ಲಿ ಹಲ್ಲು ಗಟ್ಟಿಯಿರುವ ಒಬ್ಬರನ್ನು ಕೇಕ್ ತಿನ್ನಲು ಕಳುಹಿಸಬೇಕು. ಅದೂ ಆಗದಿದ್ದರೆ ತಪ್ಪೆಲ್ಲ ಮಂಜಿನದೆಂದು ನನ್ನ ಹೆಂಡತಿಗೆ ಒಂದು ಸಾಲು ಬರೆಯಬೇಕು.

ಇಂದು ಅತ್ತೆಗಾಗಿ ಎರಡನೇ ಕೇಕ್ ಒಳಗಿದೆ. "ಕೈ ಖಾಲಿ ಮಾಡ್ಕೊಂಡು, ಮೂಗು ತಗೊಂಡು ಬನ್ನಿ. ಇದೂ ಸುಟ್ರೆ ಜೀವಮಾನವಿಡೀ ತಟ್ಟೇನೇ" ಎಂದಿದ್ದಾಳೆ ಹೆಂಡತಿ. ಗಡಿಯಾರ ಹಿಟ್ಟಿನ ಡಬ್ಬದಲ್ಲಿದೆ, ನಾನು ಓವನ್ ಎದುರು ಕುಳಿತು ಬರೆಯುತ್ತಿದ್ದೇನೆ. ತಮ್ಮ ಪರಂಪರೆಯ ಗುಣಗಾನ ಇನ್ನೂ ಬಹಳ ಬಾಕಿಯಿತ್ತು, ಆದರೆ ಕ್ಷಮಿಸಿ, ವಾಸನೆ ಬಂತು!

ತಮ್ಮ ವಿಶ್ವಾಸಿ,
ಸದ್ಯಕ್ಕೆ ನೆಲದ ಮೇಲಿರುವ ಬೇಕರಿಯವನು

ವಿ.ಸೂ.: ಲ್ಯಾಂಡಿಂಗ್ ಸುಖವಾಗಿ ಆಯಿತು, ಅತ್ತೆ ಎರಡನೇ ತುಂಡು ಕೇಳಿದರು. ಮೊದಲನೆಯ ಕೇಕನ್ನು ಅಂಗಡಿ ಬಾಗಿಲಿಗೆ ಒತ್ತಾಗಿ ಇಟ್ಟಿದ್ದೇವೆ, ಬಿರುಗಾಳಿಗೂ ಜಗ್ಗುತ್ತಿಲ್ಲ. ತಮ್ಮ ಗಡಿಯಾರಕ್ಕೆ ಎರಡೇ ವರ್ಷದ ಗ್ಯಾರಂಟಿಯಂತೆ. ನಮ್ಮ ಕೇಕಿಗೆ ಮೊಮ್ಮಕ್ಕಳ ಕಾಲದವರೆಗೂ ನಾನೇ ಬರೆದುಕೊಡುತ್ತೇನೆ.