ನಮ್ಮ ಅಡುಗೆಮನೆಗೆ ಬಂದ ರಷ್ಯಾ

ರಷ್ಯಾದ ಚಕ್ರವರ್ತಿಯನ್ನು ಸಿಂಹಾಸನದಿಂದ ಇಳಿಸಿದವರು ಅಪ್ಪನ ತಮ್ಮ, ನಮ್ಮ ಕಾಕಾ, ಎಂದರೆ ನೀವು ನಗುತ್ತೀರಿ. ನಗಿರಿ. ಆದರೆ ಮುಧೋಳದ ಹೈಸ್ಕೂಲಿನಲ್ಲಿ ಅವರ ಕೈಯಲ್ಲಿ ಇತಿಹಾಸ ಕಲಿತವರನ್ನು ಕೇಳಿ ನೋಡಿ, ಕಾಕಾ ಅಲ್ಲಿ ಇರಲೇ ಇಲ್ಲ ಎಂದರೆ ಅವರು ನಂಬುವುದಿಲ್ಲ! ರೊಟ್ಟಿಗಾಗಿ ಚಳಿಯಲ್ಲಿ ಸಾಲು ನಿಂತ ಹೆಣ್ಣುಮಕ್ಕಳು ಬೀದಿಗಿಳಿದದ್ದು, ಸಿಪಾಯಿಗಳು ಅವರ ಕಡೆ ಸೇರಿದ್ದು, ಚಕ್ರವರ್ತಿಯ ರೈಲನ್ನು ನಡುದಾರಿಯಲ್ಲಿ ತಡೆದದ್ದು, ಅದೇ ರೈಲಿನಲ್ಲಿ ಕೂತು ಅವನು ರಾಜ್ಯ ಬಿಟ್ಟುಕೊಟ್ಟದ್ದು, ಕೆಲವೇ ತಿಂಗಳಲ್ಲಿ ಕೆಂಪು ಬಾವುಟ ಏರಿದ್ದು, ಎಲ್ಲವನ್ನೂ ನಿನ್ನೆ ಸಂಜೆ ನೋಡಿ ಬಂದವರಂತೆ ಹೇಳುತ್ತಾರೆ. ಮಕ್ಕಳಿಗೆ ತಿಳಿಯಲೆಂದು ಊರುಗಳನ್ನು ಮಾತ್ರ ಸ್ವಲ್ಪ ಹತ್ತಿರ ತರುತ್ತಾರೆ. ಹೀಗಾಗಿ ಒಬ್ಬ ಹುಡುಗಿ ಪರೀಕ್ಷೆಯಲ್ಲಿ, ಚಕ್ರವರ್ತಿ ಲೋಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ರಾಜೀನಾಮೆ ಕೊಟ್ಟ ಎಂದು ಬರೆದಳು. ಹೆಡ್‌ಮಾಸ್ತರರು ಸಿಟ್ಟಾದರು. ಕಾಕಾ ಪೂರ್ತಿ ಅಂಕ ಕೊಟ್ಟರು. ಊರು ತಪ್ಪಿದ್ದರೂ ಕಾರಣ ಸರಿಯಾಗಿ ಬರೆದಿದ್ದಾಳಲ್ಲ ಎಂಬುದು ಅವರ ವಾದ.

ಮದುವೆಯ ಮಾತು ಬಂದಾಗ, ಮೊದಲು ಕ್ರಾಂತಿ ಆಗಲಿ ಎಂದರು. ಕ್ರಾಂತಿ ಬರಲಿಲ್ಲ, ಹೆಣ್ಣು ಕೊಡುವವರೂ ಕಾದು ಕಾದು ಸುಸ್ತಾದರು. ಹಾಗಾಗಿ ಜಮಖಂಡಿಯ ನಮ್ಮ ಮನೆಯಲ್ಲೇ ಉಳಿದುಬಿಟ್ಟರು.

ಆ ಮನೆಯಲ್ಲಿ ಆಳ್ವಿಕೆ ಅಜ್ಜನದು. ಅಜ್ಜನ ಅಪ್ಪ ಸಂಸ್ಥಾನದ ಕಾಲದಲ್ಲಿ ಕುದುರೆ ಲಾಯದಲ್ಲಿ ಇದ್ದರಂತೆ. ಸಂಸ್ಥಾನ ಹೋಯಿತು, ಕುದುರೆಗಳು ಹೋದವು, ಗತ್ತು ಮಾತ್ರ ನಮ್ಮ ಪಾಲಿಗೆ ಬಂತು. ಸಂಜೆ ಅಜ್ಜ ಮಣೆಯ ಮೇಲೆ ಕೂತರೆಂದರೆ ಹಂಚಿನಿಂದ ನೇರ ಅವರ ತಾಟಿಗೆ ಬಿಸಿ ರೊಟ್ಟಿ, ಮೇಲೊಂದು ಬೆಣ್ಣೆಯ ಮುದ್ದೆ. ಆಮೇಲೆ ಅಪ್ಪ, ಕಾಕಾ, ನಾನು. ಎಲ್ಲರದೂ ಮುಗಿದು ಒಲೆ ಆರಿಸಿದ ಮೇಲೆ ಅವ್ವ. ಪಲ್ಯ ಉಳಿದಿದ್ದರೆ ಪಲ್ಯ, ಇಲ್ಲದಿದ್ದರೆ ಆರಿದ ರೊಟ್ಟಿಗೆ ಒಂದಿಷ್ಟು ಖಾರ. ದೂರದ ರಷ್ಯಾದ ಹಸಿದ ಹೆಣ್ಣುಮಕ್ಕಳು ಕಾಣುತ್ತಿದ್ದ ಕಾಕಾಗೆ ಇದು ಕಂಡಿರಲಿಲ್ಲ. ಬಿಸಿ ರೊಟ್ಟಿ ಎಂದರೆ ಅವರಿಗೂ ಪ್ರಾಣ, ನೋಡಿ!

ಒಂದು ದಿನ ಅವ್ವ ಒಲೆಯ ಮುಂದೆ ಕಣ್ಣಿಗೆ ಕತ್ತಲೆ ಬಂದು ಬಿದ್ದುಬಿಟ್ಟಳು. ಕಾಕಾ ದವಾಖಾನೆಗೆ ಕರೆದುಕೊಂಡು ಹೋದರು. ಮೈಯಲ್ಲಿ ರಕ್ತವೇ ಇಲ್ಲ, ಬರೀ ಗುಳಿಗೆಯಿಂದ ಆಗುವುದಿಲ್ಲ, ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಉಣ್ಣದಿದ್ದರೆ ಜೀವಕ್ಕೇ ಕಷ್ಟ ಎಂದರು ಡಾಕ್ಟರು. ನಿಮ್ಮ ಮನೆಯಲ್ಲಿ ಮೊದಲು ಯಾರು ಉಣ್ಣುತ್ತೀರಿ ಎಂದೂ ಕೇಳಿದರಂತೆ. ಒಂದು ಪ್ರಶ್ನೆ ಕೇಳಿದರೆ ಒಂದು ತಾಸು ಉತ್ತರ ಕೊಡುವ ಕಾಕಾ ಅಂದು ಗುಳಿಗೆಯ ಚೀಟಿ ಇಸಿದುಕೊಂಡು ನೇರ ಮನೆಗೆ ಬಂದರು.

ಸಂಜೆ ನೋಡಿದರೆ ಅಡುಗೆಮನೆಯ ಬಾಗಿಲಿಗೆ ಅವ್ವನ ಕುಪ್ಪಸದ ಕೆಂಪು ಖಣ ಬಾವುಟವಾಗಿ ಜೋತಾಡುತ್ತಿದೆ!

"ಇವತ್ತಿನಿಂದ ಈ ಮನ್ಯಾಗ ರಾಜಶಾಹಿ ಮುಗೀತು. ಉಂಡರ ಎಲ್ಲಾರೂ ಕೂಡೇ ಉಣ್ಣೋದು," ಎಂದರು ಕಾಕಾ.

ಅಜ್ಜ ಟಿ.ವಿ.ಯ ಸದ್ದು ಕಡಿಮೆ ಮಾಡಿ, ಯಾರನ್ನು ಕೇಳಿ ಇದನ್ನೆಲ್ಲ ಮಾಡಿದೆ ಎಂದರು. ಚಕ್ರವರ್ತಿಯೂ ಹೀಗೇ ಕೇಳಿದ್ದ ಎಂದು ಕಾಕಾಗೆ ಬಹಳ ಸಂತೋಷವಾಯಿತು.

ಆದರೆ ಹೊಸ ಸರ್ಕಾರಕ್ಕೆ ಮೊದಲ ದಿನವೇ ತೊಡಕು. ಎಲ್ಲರೂ ಕೂಡಿ ಕೂತರೆ ಬಿಸಿ ರೊಟ್ಟಿ ಬಡಿಯುವವರು ಯಾರು? ಕಾಕಾ ಬಿಸಿ ರೊಟ್ಟಿಯನ್ನೇ ರದ್ದು ಮಾಡಿದರು. ಮಹಾಲಿಂಗಪುರದಿಂದ ಹಪ್ಪಳದಂತೆ ಒಣಗಿಸಿದ ಕಟಕ ರೊಟ್ಟಿ ಒಂದು ಕಟ್ಟು ತಂದು ನಡುವೆ ಇಟ್ಟರು. ಉಪ್ಪಿಗೆ, ನೀರಿಗೆ, ಮಜ್ಜಿಗೆಗೆ ಎಂದು ಅವ್ವ ಏಳುವುದು ನಿಲ್ಲಲಿಲ್ಲ. ಊಟದ ನಡುವೆ ಏಳಬೇಕಾದರೆ ಕೇಂದ್ರ ಸಮಿತಿಯ ಪರವಾನಗಿ ಬೇಕು ಎಂಬ ಕಾನೂನು ಬಂತು. ಸಮಿತಿಯಲ್ಲಿ ಇದ್ದವರು ಯಾರು? ಕಾಕಾ ಒಬ್ಬರೇ! ಉಪ್ಪಿನಕಾಯಿಗೆ ಎದ್ದು ಬೈಸಿಕೊಂಡ ಅಪ್ಪ, ಮೊದಲು ಒಬ್ಬ ರಾಜನಿದ್ದ, ಈಗ ಅವನ ಮಗ ಬಂದ, ಇಷ್ಟೇ ತಾನೇ ಬದಲಾದದ್ದು ಎಂದು ಗೊಣಗಿದರು.

ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಅಜ್ಜನ ಬಾಯಲ್ಲಿ ಹಲ್ಲೇ ಇಲ್ಲ. ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ ನಾಲ್ಕು ತುತ್ತು ನುಂಗಿ ಎದ್ದುಬಿಡುತ್ತಿದ್ದರು. ಅವರು ಎದ್ದರೆ ಅವ್ವನೂ ತಾಟು ಸರಿಸುತ್ತಿದ್ದಳು.

"ಹಿರ್ಯಾರು ಹಸದು ಎದ್ದ ಮ್ಯಾಲೆ ನನಗ ತುತ್ತು ಹೆಂಗ ಇಳೀತೈತಿ, ತಮ್ಮಾ?" ಎಂದಳು ಒಂದು ದಿನ ಕಾಕಾಗೆ.

ಯಾರ ಸಲುವಾಗಿ ಕ್ರಾಂತಿಯಾಯಿತೋ ಅವಳೇ ಮೊದಲಿಗಿಂತ ಕಡಿಮೆ ಉಣ್ಣುತ್ತಿದ್ದಳು. ಮುಖ ಇನ್ನಷ್ಟು ಬಿಳಿಚಿತ್ತು. ನನಗೆ ಹೆದರಿಕೆಯಾಗಿತ್ತು. ಕಾಕಾ ಮೂಲೆಯಲ್ಲಿ ಕೂತು ಬಹಳ ಹೊತ್ತು ತಲೆ ಕೆರೆದುಕೊಂಡರು. ಮರುದಿನ ಶಾಲೆಯಿಂದ ಬಂದವರೇ ಅಂಗಿಯ ತೋಳು ಮಡಚಿ ಜೋಳದ ಹಿಟ್ಟಿಗೆ ಕೈ ಹಾಕಿದರು.

ಅಯ್ಯೋ, ಆ ಸೊಬಗು ಏನು ಹೇಳಲಿ! ಕುದಿಯುವ ನೀರು ಹಾಕಿ ಹಿಟ್ಟು ನಾದಲು ಹೋಗಿ ಕೈ ಸುಟ್ಟುಕೊಂಡರು. ಬಡಿಯುವ ಸದ್ದು ಮಾತ್ರ ಓಣಿಯ ತುದಿಯವರೆಗೆ. ಮೊದಲ ರೊಟ್ಟಿ ಹಂಚು ಮುಟ್ಟುವ ಮುಂಚೆಯೇ ಸೋವಿಯತ್ ಒಕ್ಕೂಟದಂತೆ ಚೂರುಚೂರಾಯಿತು. ನೆರೆಮನೆಯ ಹೆಂಗಸರು ಕಿಟಕಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತರು. ಕಾಕಾ ನಾಚಲಿಲ್ಲ. ಅವರನ್ನೇ ಒಳಗೆ ಕರೆದು ಪಾಠ ಹೇಳಿಸಿಕೊಂಡರು. ಬರೀ ಭಾಷಣ ಮಾಡಿಕೊಂಡೇ ತಲೆ ನರೆತ ಮನುಷ್ಯ ಹಿಟ್ಟು ಮೆತ್ತಿದ ಮೀಸೆಯಲ್ಲಿ ದಿನಾ ಸಂಜೆ ಒಲೆಯ ಮುಂದೆ ಕೂತರು. ಒಡೆದದ್ದನ್ನೆಲ್ಲ ತಾವೇ ತಿಂದರು.

ಕೊನೆಗೊಂದು ಸಂಜೆ ದುಂಡಗಿನ ರೊಟ್ಟಿಯೊಂದು ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ಕಾಕಾ ಅದನ್ನು ಹಾರಿಸಿಕೊಂಡು ಬಂದು, ಸಾಲಿನಲ್ಲಿ ಕೂತಿದ್ದ ಎಲ್ಲರನ್ನೂ ದಾಟಿ, ಅವ್ವನ ತಾಟಿಗೆ ಹಾಕಿದರು. ಹಬೆ ಏಳುತ್ತಿತ್ತು. ಅವ್ವ ಗಾಬರಿಯಾಗಿ ಅಜ್ಜನ ಕಡೆ ತಾಟು ಸರಿಸಿದಳು.

"ಮಾವಾರ, ಮೊದಲ ನೀವು."

ಅಜ್ಜ ಬೆಣ್ಣೆಯ ಬಟ್ಟಲನ್ನು ಎತ್ತಿಕೊಂಡರು. ಅವ್ವನ ರೊಟ್ಟಿಯ ಮೇಲೆ ಒಂದು ಮುದ್ದೆ ಇಟ್ಟು, ತಾಟನ್ನು ಮೆಲ್ಲಗೆ ಅವಳ ಕಡೆಗೇ ತಿರುಗಿಸಿದರು.

"ಉಣ್ಣವಾ, ಆರತೈತಿ. ನಾ ಆಮ್ಯಾಲೆ ಉಣ್ತೇನಿ."

ಅಪ್ಪ ತಲೆ ತಗ್ಗಿಸಿದರು. ಅವ್ವ ಅಳುತ್ತಲೇ ಉಂಡಳು. ಒಂದು ಚೂರೂ ಬಿಡದೆ ಉಂಡು, ತಾಟನ್ನು ಒಲೆಯ ಕಡೆ ಚಾಚಿದಳು.

"ತಮ್ಮಾ, ಇನ್ನೊಂದ ಹಾಕಪಾ."

ನಮ್ಮವ್ವ ಇನ್ನೊಂದು ಬೇಕು ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಾಕಾ, ನಿಮ್ಮ ಆ ಸುಟ್ಟ ಕೈಗಳಿಗೆ ಶರಣು ರೀ.