ಮಾವನ ಒಂದು ಓಟು

ನಮ್ಮ ಸೋದರಮಾವ ಕಲಬುರಗಿಯಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತಾಗಲೆಲ್ಲ ಠೇವಣಿ ಕಳೆದುಕೊಂಡಿದ್ದಾರೆ. ಆದರೆ ಒಮ್ಮೆಯೂ ಸೋತಿರಲಿಲ್ಲ! ಇದು ನನ್ನ ಮಾತಲ್ಲ, ಅವರದೇ.

ಪಕ್ಷೇತರರಿಗೆ ಪ್ರತಿ ಸಲವೂ ಹೊಸ ಚಿಹ್ನೆ. ಮಾವ ಅದನ್ನು ಕೈಯಲ್ಲೇ ಹಿಡಿದು ತಿರುಗಬೇಕು. ಬ್ಯಾಟ್ ಸಿಕ್ಕ ವರ್ಷ ಜಗತ್ ಸರ್ಕಲ್ಲಿನಲ್ಲಿ ಹುಡುಗರು ಬ್ಯಾಟಿಂಗ್ ಕೊಡಿ ಎಂದು ಬೆನ್ನು ಹತ್ತಿದರು. ಕುಕ್ಕರ್ ಸಿಕ್ಕಾಗ ಅತ್ತೆ ಅಡುಗೆ ಮಾಡುವ ಕುಕ್ಕರನ್ನೇ ಎತ್ತಿಕೊಂಡು ನೆಹರು ಗಂಜ್ ಮಾರುಕಟ್ಟೆಗೆ ಹೋದರು. ತೊಗರಿ ವ್ಯಾಪಾರಿಯೊಬ್ಬರು ಕೇಳಿದರು:

"ಎಷ್ಟಕ್ಕ ಕೊಡ್ತೀರಿ ಚಾಚಾ?"

"ಒಂದ್ ಓಟಿಗಿ."

"ಹಂಗಾದ್ರ ಇಟ್ಟು ಹೋಗ್ರಿ."

ಇಟ್ಟು ಬಂದರು! ಅವತ್ತು ಅತ್ತೆ ಬೇಳೆಯನ್ನು ಬೋಗುಣಿಯಲ್ಲಿ ಬೇಯಿಸುತ್ತ ಓಣಿಗೆಲ್ಲ ಕೇಳುವಂತೆ ಪ್ರಚಾರ ಮಾಡಿದರು: "ಇವ್ರಿಗಿ ಯಾರೂ ಓಟ್ ಹಾಕಬ್ಯಾಡ್ರೆವ್ವಾ. ಗೆದ್ದು ದಿಲ್ಲಿಗಿ ಹೋದ್ರ ಮನ್ಯಾಗ ನೀರು ಯಾರು ತುಂಬಬೇಕು?" ಅವರ ಊರಾದ ಕಮಲಾಪುರವು ಅತ್ತೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿತು.

ಎಣಿಕೆಯ ದಿನ ಮಾವ ಊರಿನ ಕೆಂಪು ಬಾಳೆಹಣ್ಣು ಹಿಡಿದು ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದು, ಇಲ್ಲಿಂದ ಎಣಿಕೆ ಕೇಂದ್ರಕ್ಕೆ ಹೋಗುತ್ತಿದ್ದರು. ಯಾರು ಗೆದ್ದರೆಂದು ಅವರು ಕೇಳುತ್ತಲೇ ಇರಲಿಲ್ಲ. ಬೇಕಾದದ್ದು ಕಮಲಾಪುರದ ತಮ್ಮ ಬೂತಿನ ಲೆಕ್ಕ ಮಾತ್ರ. ಅಲ್ಲಿ ಪ್ರತಿ ಸಲವೂ ಅವರಿಗೆ ಒಂದೇ ಓಟು. ಆದರೂ ಗೆದ್ದವರಿಗಿಂತ ಅಗಲವಾಗಿ ನಗುತ್ತ ಮರಳುತ್ತಿದ್ದರು. "ನಾ ಸೋತಿಲ್ಲೋ, ಒಂದು ಬಂದದ." ತಮ್ಮ ಓಟು ತಮಗೇ ಬಿದ್ದದ್ದಕ್ಕೆ ಇಷ್ಟು ಸಂಭ್ರಮವೇ? ನಾವೆಲ್ಲ ಮರೆಯಲ್ಲಿ ನಗುತ್ತಿದ್ದೆವು.

ಕಳೆದ ಚುನಾವಣೆಯ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮತದಾನದ ದಿನ ಮಾವ ಒಬ್ಬರೇ ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರು. ಎಣಿಕೆಯಾದಾಗ ಅವರ ಬೂತಿನಲ್ಲಿ ಸೊನ್ನೆ! ಮಾವ ನಗಲಿಲ್ಲ. ಕಮಲಾಪುರದವರೆಗೂ ಬಸ್ಸಿನಲ್ಲಿ ಅವರ ಜೊತೆ ನಾನೇ ಹೋದೆ. ಮನೆ ಮುಟ್ಟಿದ ಮೇಲೆ ತಡೆಯಲಾರದೆ ಕೇಳಿದೆ, "ಮಾವಾ, ನಿಮ್ಮ ಓಟಾದ್ರೂ ಎಲ್ಲಿ ಹೋಯ್ತು?"

"ನನಗ ನಾನೇ ಹಾಕ್ಕೊಂಡ್ರ ಅದೇನು ಗೆಲುವೋ? ಎಂದೂ ಹಾಕ್ಕೊಂಡಿಲ್ಲ."

ಹಾಗಾದರೆ ಇಷ್ಟು ವರ್ಷ ಬಿದ್ದ ಆ ಒಂದು ಓಟು? ನಾನು ಮಂಚದ ಕಡೆ ನೋಡಿದೆ. ಅತ್ತೆ ಪ್ಲಾಸ್ಟರ್ ಹಾಕಿದ ಕಾಲನ್ನೇ ನೋಡುತ್ತ ಗೊಣಗಿದರು, "ಕುಂಟಕೋತ ಬರ್ತಿದ್ದೆ. ಏಳಬ್ಯಾಡ ಅಂದವ್ರು ನೀವೇ."

ಜಿಲ್ಲೆಯ ತುಂಬ ಕೈಮುಗಿದು ಓಟು ಬೇಡಿದ ಮನುಷ್ಯ, ಖಾತ್ರಿಯಿದ್ದ ಒಂದನ್ನು ತಾವೇ ಬೇಡವೆಂದಿದ್ದರು.

"ಅವತ್ತೇ ಗೊತ್ತಿತ್ತು, ಈ ಸಲ ಸೋಲ್ತೀನಂತ" ಎಂದ ಮಾವ, ಅತ್ತೆಯ ಕಾಲ ಕೆಳಗಿನ ದಿಂಬು ಸರಿಮಾಡಿದರು.